ಒಂದಕ್ಕ ತಡಕೊಳ್ಳಾಕ ಆಗವಲ್ದು: ಸಾಬೂದಾಣಿ ಗುಳಿಗಿಯಿಂದ ಯಾರಿಗರ ಗುಣ ಆಗೇತೇನ್ರಿ?

ಚಿಗರಿ ಪಾಸ್ · ರವಿವಾರ, ರಾತ್ರಿ 10:20

ಹೆಸರು ಹಾಕದ ಬರಿಯಾಕತ್ತೀನಿ, ತಪ್ಪು ತಿಳಕೋಬ್ಯಾಡ್ರಿ. ವಯಸ್ಸು 47. ಮನಿ ಧಾರವಾಡ, ಕೆಲಸ ಹುಬ್ಬಳ್ಯಾಗ ಒಂದು ಸೊಸೈಟಿ ಕೌಂಟರಿನ್ಯಾಗ. ದಿನಾ ಚಿಗರಿ ಬಸ್ಸಿನ್ಯಾಗ ಹೋಗಿ ಬರೂದು.

ಒಂದು ವರ್ಷದಿಂದ ಒಂದಕ್ಕ ಬಂತಂದ್ರ ಬಂತು, ಎರಡು ನಿಮಿಷ ತಡಿಯೂದಿಲ್ಲ. ಮನಿ ಬಿಡೂ ಮುಂದ ಹೋಗಿರ್ತೀನಿ, ಜುಬಿಲಿ ಸರ್ಕಲ್‌ಗೆ ಬಂದ ಮ್ಯಾಲೆ ಇನ್ನೊಮ್ಮೆ ಹೋಗಿರ್ತೀನಿ, ಆದ್ರೂ ನವನಗರ ದಾಟೂದ್ರಾಗ ಕಿಬ್ಬೊಟ್ಟಿ ಹಿಂಡಿದಂಗ ಆಗತೈತಿ. ಈ ತಿಂಗಳದಾಗ ಆರು ಸಲ ಉಣಕಲ್ಲಿನ್ಯಾಗ ಇಳದೀನಿ. ಅಲ್ಲೊಂದು ಹೋಟೆಲ್‌ನವರಿಗೆ ನನ್ನ ಮುಖಾ ಗುರ್ತು ಆಗಿಬಿಟ್ಟೈತಿ. ಈಗ ಕೇಳೂದಿಲ್ಲ ಅವರು, ಹಿಂದ ಕೈ ತೋರಸ್ತಾರ ಅಷ್ಟ.

ಎಲ್ಲಾಕ್ಕಿಂತ ಕೆಟ್ಟದ್ದಂದ್ರ ನಮ್ಮ ಮನಿ ಬಾಗಲಾ. ದಾರಿ ತುಂಬ ತಡಕೊಂಡು ಬಂದಿರ್ತೀನಿ. ಚೀಲದಾಗ ಕೈ ಹಾಕಿ ಕೀಲಿಕೈ ಹುಡಿಕ್ಯಾಡೂದ್ರಾಗ, ಅದು ಕೀಲಿಯೊಳಗ ತಿರಗೂದ್ರಾಗ ಆಗಿಹೋಗತೈತಿ. ಎರಡು ಸಲ ಮೆಟ್ಟಲ ಮ್ಯಾಲ ನಿಂತು ಅತ್ತೀನಿ. ಭಾಂಡೆ ತೊಳಿಯೂ ಮುಂದ ನಳದ ಸಪ್ಪಳಾ ಕೇಳಿದ್ರೂ ಅದ ಕತಿ. ರಾತ್ರಿ ಮೂರು ಸಲ ಏಳಬೇಕು.

ನಮ್ಮ ನೆಗೆಣ್ಣಿ ಒಬ್ಬ ಹೋಮಿಯೋಪತಿ ಡಾಕ್ಟರ್ ಕಡೆ ಕರಕೊಂಡು ಹೋಗಿದ್ದಳು. ಮೂರು ತಿಂಗಳ ಆತು. ನಾಕು ನಾಕು ಗುಳಿಗಿ, ದಿನಕ್ಕ ಮೂರು ಸಲ, ಕೈ ಹಚ್ಚದಂಗ ಡಬ್ಬಿ ಮುಚ್ಚಳದಾಗ ಹಾಕ್ಕೊಂಡು ನಾಲಗಿ ಕೆಳಗ. ಚಾ, ಕಾಫಿ, ಹಸಿ ಉಳ್ಳಾಗಡ್ಡಿ, ಕರ್ಪೂರದ ವಾಸನಿ ಎಲ್ಲಾ ಬಂದ್. ಮೊದಲ ತಿಂಗಳು ಭಾಳ ಫರಕ ಕಾಣಸ್ತು. ಈಗ ಮತ್ತ ಮೊದಲಿನಂಗ ಆಗೇತಿ. ಮುಂದುವರಸಲ್ಯೋ ಬಿಡಲ್ಯೋ? ಅನುಭವ ಇದ್ದವರು ಹೇಳ್ರಿ. ನಗೂದಿದ್ರ ಬ್ಯಾರೆ ಕಡೆ ನಗ್ರಿ.

ಗದಗಿನ ಟೀಚರ್ · ರವಿವಾರ, ರಾತ್ರಿ 10:52

ಅಕ್ಕಾರ, ನಗೂದೇನ ಬಂತು. ನಾನೂ ಅದ ದೋಣಿಯೊಳಗ ಕುಂತಾಕಿ, ವಯಸ್ಸು 38. ಗದಗ ತಾಲೂಕಿನ ಒಂದು ಹಳ್ಳಿ ಶಾಲಿ ನಂದು. ಶಾಲ್ಯಾಗ ಹೆಣ್ಣುಮಕ್ಕಳ ಪಾಯಖಾನಿ ಐತಿ, ಇಲ್ಲಂತಲ್ಲ. ಅದಕ್ಕ ಕೀಲಿ ಐತಿ. ಕೀಲಿಕೈ ಹೆಡ್‌ಮಾಸ್ತರ ಟೇಬಲ್ ಖಾನೆದಾಗ. ನಾಕು ಮಂದಿ ಗಂಡಸರ ಎದುರಿಗೆ ಹೋಗಿ "ಸರ್, ಕೀಲಿಕೈ" ಅನ್ನೂದಕ್ಕ ಬ್ಯಾಸರಾಗಿ ನಾ ಏನ ಮಾಡ್ದೆ ಅಂದ್ರ, ನೀರು ಕುಡಿಯೂದ ಬಿಟ್ಟೆ. ಮುಂಜಾನೆ ಒಂದು ಲೋಟ, ಮತ್ತ ಸಂಜಿ ಐದಕ್ಕ ಮನಿಗೆ ಬಂದ ಮ್ಯಾಲೆ.

ಅದರಿಂದ ಕಮ್ಮಿ ಆಗಲಿಲ್ರೀ, ಹೆಚ್ಚಾತು. ಹಳದಿ ಮೂತ್ರ, ಉರಿ, ಎರಡು ಸಲ ಇನ್ಫೆಕ್ಷನ್. ಹುಡುಗೋರು ಪಾಠಾ ಒಪ್ಪಸೂ ಮುಂದ ನಾ ಕಾಲ ಮ್ಯಾಲ ಕಾಲು ಹಾಕ್ಕೊಂಡು ನಿಂತಿರ್ತೀನಿ. ನಿಮ್ಮ ಪೋಸ್ಟಿಗೆ ಬರೂ ಉತ್ತರ ನಾನೂ ಓದಾಕ ಕುಂತೀನಿ.

ಗೋಕುಲ ರೋಡ್ 29 · ರವಿವಾರ, ರಾತ್ರಿ 11:15

ಹೆಣ್ಣುಮಕ್ಕಳಿಗೆ ಅಷ್ಟ ಅನ್ಕೋಬ್ಯಾಡ್ರಿ. ನಂದು 29. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರಂ 1507 ಮೀಟರ್, ಜಗತ್ತಿನ್ಯಾಗ ಎಲ್ಲಾಕ್ಕಿಂತ ಉದ್ದ, 2023ರ ಮಾರ್ಚ್‌ನ್ಯಾಗ ಉದ್ಘಾಟನಾ ಆದಾಗ ನಾನೂ ಸ್ಟೇಟಸ್ ಹಾಕಿದ್ದೆ. ಅದ ಪ್ಲಾಟ್‌ಫಾರಂದ ಆ ತುದಿಗೆ ನಿಂತಾಗ ಅವಸರಾ ಬಂತು ನೋಡ್ರಿ. ಅವತ್ತ ಗೊತ್ತಾತು ಒಂದೂವರಿ ಕಿಲೋಮೀಟರ್ ಅಂದ್ರ ಎಷ್ಟ ಅಂತ.

ಟೆಸ್ಟ್ ಎಲ್ಲಾ ನಾರ್ಮಲ್. ದಿನಕ್ಕ ಎರಡು ಎನರ್ಜಿ ಡ್ರಿಂಕ್ ಕುಡೀತಿದ್ದೆ, ಅವನ್ನ ಬಿಟ್ಟ ಮ್ಯಾಲೆ ಅರ್ಧಕ್ಕರ್ಧ ಇಳೀತು. ಉಳದ ಅರ್ಧ ಇನ್ನೂ ಐತಿ.

ಬಿಳಿಗುಳಿಗಿ · ಸೋಮವಾರ, ಮುಂಜಾನೆ 7:05

ಮೂರು ತಿಂಗಳಿಗೆ ಕೈ ಬಿಡಬ್ಯಾಡ್ರಿ ತಂಗಿ. ನಾನು ಇಪ್ಪತ್ತು ವರ್ಷದಿಂದ ಹೋಮಿಯೋಪತಿ ಬಿಟ್ಟು ಬ್ಯಾರೆ ತಗೊಂಡಿಲ್ಲ. ಈ ತ್ರಾಸಿಗೆ ಒಂದ ಔಷಧ ಅಂತ ಇರೂದಿಲ್ಲ, ಮನಷ್ಯಾನ್ನ ನೋಡಿ ಕೊಡ್ತಾರ. ಉರಿ ಇದ್ದು ಹನಿಹನಿ ಬರ್ತಿದ್ರ ಕ್ಯಾಂಥರಿಸ್. ಕೆಮ್ಮಿದಾಗ, ಸೀನಿದಾಗ ಸೋರಿದ್ರ ಕಾಸ್ಟಿಕಂ. ಹೋಗಿ ಬಂದ ಮ್ಯಾಲೂ ಇನ್ನೂ ತುಂಬೇ ಐತಿ ಅನಸಿದ್ರ ಈಕ್ವಿಸೀಟಂ. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಿಗೆ ಸೆಪಿಯಾ ಭಾಳ ಕೊಡ್ತಾರ. ನನ್ನ ಮಗಳು ಏಳನೇ ವರ್ಷದ ತನಕ ಹಾಸಿಗಿ ಒದ್ದಿ ಮಾಡತಿದ್ದಳು. ಈಕ್ವಿಸೀಟಂ ಕೊಟ್ಟು ಎಂಟು ತಿಂಗಳಿಗೆ ನಿಂತುಹೋತು.

ಇನ್ನೊಂದು ಮಾತು. ದೊಡ್ಡ ದವಾಖಾನಿಯೊಳಗ ಎರಡು ನಿಮಿಷ ನೋಡಿ ಚೀಟಿ ಬರೀತಾರ. ನಮ್ಮ ಡಾಕ್ಟರು ಮೊದಲನೇ ದಿನ ಒಂದು ತಾಸು ಕುಂಡ್ರಿಸಿಕೊಂಡು ಕೇಳಿದ್ರು: ಯಾವಾಗ ಬರ್ತೈತಿ, ಸಿಟ್ಟು ಬಂದಾಗ ಹೆಚ್ಚಾಗತೈತೇನು, ನೀರು ಕಂಡ್ರ ಆಗತೈತೇನು. ಅಷ್ಟು ಕೇಳೂವರು ಯಾರದಾರ ಹೇಳ್ರಿ?

ರಸಾಯನ ಮಾಸ್ತರ · ಸೋಮವಾರ, ಮುಂಜಾನೆ 9:30

ಬಿಳಿಗುಳಿಗಿಯವರ ಕೊನೀ ಮಾತು ನಾ ಪೂರಾ ಒಪ್ಪತೇನಿ. ಒಂದು ತಾಸು ಕೇಳೂದು ದೊಡ್ಡ ಕೆಲಸ. ನಮ್ಮ ಧಾರವಾಡದಾಗ ಹೋಮಿಯೋಪತಿ ಕಾಲೇಜ ಅದ, ಅಲ್ಲಿ ಕಲತವರು ನನ್ನ ಗೆಳೆಯರೊಳಗೂ ಇದ್ದಾರ, ಸಜ್ಜನರು. ಆದರ ಗುಳಿಗಿಯೊಳಗ ಏನದ ಅಂತ ಲೆಕ್ಕಾ ಮಾಡೂದು ನನ್ನ ಕಸಬು, ಮೂವತ್ತು ವರ್ಷ ಅದನ್ನ ಕಲಿಸೇನಿ.

ಹೋಮಿಯೋಪತಿ ಶುರು ಮಾಡಿದ ಹಾನಿಮನ್ ಅನ್ನೋ ಜರ್ಮನ್ ವೈದ್ಯ 1796ರಾಗ ಬರದದ್ದು ಇದು: ಆರೋಗ್ಯವಂತರಿಗೆ ಯಾವ ವಸ್ತು ಯಾವ ತ್ರಾಸ ತರತದೋ, ಅದ ತ್ರಾಸಿಗೆ ಅದ ಮದ್ದು. ಕ್ಯಾಂಥರಿಸ್ ಅಂದ್ರ ಸ್ಪ್ಯಾನಿಷ್ ಫ್ಲೈ ಅನ್ನೋ ಹಸರ ಹುಳಾ, ಜೀರಂಗಿಯ ಬಳಗದ್ದು. ಅದು ಹೊಟ್ಟ್ಯಾಗ ಹೋದ್ರ ಮೂತ್ರದ ದಾರಿ ಸುಟ್ಟಂಗ ಉರೀತದ. ಅದಕ್ಕ ಉರಿಮೂತ್ರಕ್ಕ ಅದನ್ನ ತೆಳು ಮಾಡಿ ಕೊಡೂದು. ಎಷ್ಟು ತೆಳು? ಒಂದು ಪಾಲಿಗೆ 99 ಪಾಲು ನೀರು ಇಲ್ಲಾ ಸ್ಪಿರಿಟ್ ಹಾಕಿ ಕುಲುಕಿದ್ರ 1 ಸಿ. ಅದರೊಳಗಿನ ಒಂದು ಪಾಲಿಗೆ ಮತ್ತ 99 ಹಾಕಿದ್ರ 2 ಸಿ. 12 ಸಿ ಆಗೂದ್ರಾಗ 1ರ ಮುಂದ 24 ಸೊನ್ನಿ. ಒಂದು ಮೋಲ್ ವಸ್ತುವಿನ್ಯಾಗ ಇರೋ ಕಣಗಳು 6ರ ಮುಂದ 23 ಸೊನ್ನಿ, ಅವೊಗಾಡ್ರೊ ಸಂಖ್ಯೆ, ಹತ್ತನೆತ್ತಾ ಹುಡುಗರನ್ನ ಕೇಳ್ರಿ. ಅಲ್ಲಿಗೆ ಒಂದು ಕಣಾ ಉಳಿದ್ರ ಪುಣ್ಯಾ. ಡಬ್ಬಿ ಮ್ಯಾಲ ಬರದಿರೋದು 30 ಸಿ, 200 ಸಿ. ನಮ್ಮ ನೀರಸಾಗರ ಕೆರಿಯಾಗ ಒಂದು ಹನಿ ಮದ್ದು ಹಾಕಿ ಕಲಿಸಿದ್ರೂ ಅದು 30 ಸಿಗಿಂತ ಎಷ್ಟೋ ಗಟ್ಟಿ ಇರತದ. ಮದರ್ ಟಿಂಚರ್, ಅಂದ್ರ ತೆಳು ಮಾಡೂಕಿಂತ ಮೊದಲಿನ ಮೂಲ ಔಷಧ, ಅದರ ಮಾತು ಬ್ಯಾರೆ, ಅದರಾಗ ಸೊಪ್ಪಿನ ಸತ್ವಾನೂ ಇರತದ, ಆಲ್ಕೋಹಾಲೂ ಇರತದ.

ಆಸ್ಟ್ರೇಲಿಯಾ ಸರಕಾರದ ವೈದ್ಯಕೀಯ ಸಂಶೋಧನಾ ಮಂಡಳಿ 2015ರಾಗ ಇದ್ದಬಿದ್ದ ಅಧ್ಯಯನ ಎಲ್ಲಾ ಜಾಲಿಸಿ, ಹೋಮಿಯೋಪತಿ ಖಾತ್ರಿಯಿಂದ ಗುಣ ಮಾಡತದ ಅನ್ನೋಹಂಥಾ ಒಂದೂ ಕಾಯಿಲೆ ಕಾಣಲಿಲ್ಲ ಅಂತ ಹೇಳ್ತು. ಮಗಳ ಹಾಸಿಗಿ ವಿಷಯಕ್ಕ ಬಂದ್ರ, ಹಾಸಿಗಿ ಒದ್ದಿ ಮಾಡೋ ನೂರು ಮಕ್ಕಳೊಳಗ ವರ್ಷಕ್ಕ ಸುಮಾರು ಹದಿನೈದು ಮಕ್ಕಳಿಗೆ ಏನೂ ಮಾಡದನ ನಿಂತುಹೋಗತದ.

ಚಿಗರಿ ಪಾಸ್ ಅವರಿಗೆ ಒಂದ ಪ್ರಶ್ನೆ. ಮೊದಲ ತಿಂಗಳು ಚಹಾ ಬಿಟ್ಟಿದ್ರಲ್ಲ, ಈಗೂ ಬಿಟ್ಟೀರೇನ್ರಿ?

ಚಿಗರಿ ಪಾಸ್ · ಸೋಮವಾರ, ಮಧ್ಯಾಹ್ನ 1:40

ಇಲ್ರೀ ಸರ್. ನಡಬರಕ ಮನ್ಯಾಗ ಮದವಿ ಬಂತು, ಬಂದವರ ಜೋಡಿ ಕುಡದು ಕುಡದು ಮತ್ತ ಹತ್ತಿಕೊಂಡೈತಿ. ಆಫೀಸಿನ್ಯಾಗ ಸಣ್ಣ ಗ್ಲಾಸಿನ್ಯಾಗ ನಾಕು, ಮನ್ಯಾಗ ಮೂರು. ಏಳು ಆತಲ್ಲಾ! ಬರಿಯೂ ತನಕ ನಾ ಎಣಿಸಿರಲಿಲ್ಲ.

ಕೇಶ್ವಾಪುರ ಫಿಸಿಯೋ · ಸೋಮವಾರ, ರಾತ್ರಿ 9:10

ನಾನು ಫಿಸಿಯೋಥೆರಪಿಸ್ಟ್. ಇಂಥ ಪೇಷಂಟ್‌ಗಳು ವಾರಕ್ಕೆ ಮೂರ್ನಾಲ್ಕು ಮಂದಿ ಬರ್ತಾರೆ, ಬಾಗಿಲು ಹಾಕ್ಕೊಂಡ ಮೇಲೇ ಬಾಯಿ ಬಿಡ್ತಾರೆ. ಕೀಲಿ ತೆಗೆಯುವಾಗ ಆಗೋದು, ನಳದ ಸಪ್ಪಳಕ್ಕೆ ಆಗೋದು ಇದರ ತೀರಾ ಮಾಮೂಲಿ ಲಕ್ಷಣ. ನಾಚಿಕೆ ಬೇಡ.

ಮೊದಲು ಇದು ಏನು ಅನ್ನೋದು. ಮೂತ್ರಚೀಲ ಒಂದು ಸ್ನಾಯುವಿನ ಚೀಲ. 150ರಿಂದ 200 ಮಿ.ಲೀ. ತುಂಬಿದಾಗ ಮೊದಲ ಸೂಚನೆ ಕೊಡುತ್ತೆ, ಆರಾಮಾಗಿ 400ರ ತನಕ ಹಿಡಿಯುತ್ತೆ. ಅಲ್ಲಿವರೆಗೆ ಆ ಸ್ನಾಯು ಸುಮ್ಮನಿರಬೇಕು. ಕೆಲವರಿಗೆ ಅರ್ಧವೂ ತುಂಬದೆ ಅದು ತಾನಾಗೇ ಹಿಂಡೋಕೆ ಶುರು ಮಾಡುತ್ತೆ. ಅದೇ ಈ ಅವಸರ. ಕೆಮ್ಮಿದಾಗ, ಭಾರ ಎತ್ತಿದಾಗ ಸೋರೋದು ಬೇರೆ, ಅದು ತಳದ ಸ್ನಾಯು ಸಡಿಲಾಗಿದ್ದಕ್ಕೆ. ಇಬ್ಬರಿಗೂ ಒಂದೇ ಉಪಾಯ ಹೇಳೋರನ್ನ ನಂಬಬೇಡಿ. ಎರಡೂ ಒಟ್ಟಿಗೆ ಇರೋರೂ ಇದ್ದಾರೆ.

ನಾಳೆಯಿಂದ ಮೂರು ದಿನ ಡೈರಿ ಬರೀರಿ. ಅಡುಗೆಮನೆಯ ಹಳೆ ಅಳತೆ ಮಗ್ ಒಂದನ್ನ ಬಚ್ಚಲಮನೆಗೇ ಕೊಟ್ಟುಬಿಡಿ. ಎಷ್ಟು ಗಂಟೆಗೆ ಹೋದ್ರಿ, ಎಷ್ಟು ಮಿ.ಲೀ., ಅವಸರ ಎಷ್ಟಿತ್ತು, ಏನು ಕುಡಿದ್ರಿ, ಎಷ್ಟು ಕುಡಿದ್ರಿ. ಸುಮ್ಮನೆ ಬರೆಯೋದರಿಂದಲೇ ಕೆಲವರಿಗೆ ಎರಡು ಸಲ ಕಮ್ಮಿ ಆಗಿದ್ದು ನೋಡಿದ್ದೀನಿ. ಯಾಕೆಂದ್ರೆ "ಇರಲಿ, ಒಂದ್ಸಲ ಹೋಗಿಬಂದುಬಿಡೋಣ" ಅಂತ ಹೋಗೋದು ಕಣ್ಣಿಗೆ ಬೀಳುತ್ತೆ. ಚಿಗರಿ ಪಾಸ್ ಅವರೇ, ಮನೆ ಬಿಡುವಾಗ ಒಮ್ಮೆ, ಜುಬಿಲಿ ಸರ್ಕಲ್‌ನಲ್ಲಿ ಇನ್ನೊಮ್ಮೆ ಅಂದ್ರಲ್ಲ, ಆ ಎರಡನೇದೇ ನಿಮ್ಮ ಮೂತ್ರಚೀಲಕ್ಕೆ ಕೆಟ್ಟ ಚಟ ಕಲಿಸ್ತಿರೋದು. ಖಾಲಿ ಮಾಡಿ ಮಾಡಿ ಅದು ಸ್ವಲ್ಪಕ್ಕೇ ಕೂಗೋಕೆ ಕಲಿಯುತ್ತೆ.

ಆಮೇಲೆ ತರಬೇತಿ. ಡೈರಿ ನೋಡಿ, ತ್ರಾಸಿಲ್ಲದೆ ಎಷ್ಟು ಹೊತ್ತು ಇರ್ತೀರಿ ಅಂತ ಕಂಡುಹಿಡೀರಿ. ಒಂದು ಗಂಟೆ ಅನ್ನೋಣ. ಒಂದು ವಾರ ಗಡಿಯಾರ ನೋಡಿ ಗಂಟೆಗೊಮ್ಮೆ ಹೋಗಿ, ಬಂದ್ರೂ ಬರದಿದ್ರೂ. ಮುಂದಿನ ವಾರ ಒಂದೂಕಾಲು ಗಂಟೆ. ಹೀಗೆ ವಾರಕ್ಕೆ ಹದಿನೈದು ನಿಮಿಷ ಏರಿಸಿ ಮೂರು ಗಂಟೆ ಹತ್ತಿರ ತಲುಪೋದು. ಆರರಿಂದ ಹನ್ನೆರಡು ವಾರ ಬೇಕು. ನಡುವೆ ಒಂದು ಕೆಟ್ಟ ವಾರ ಬಂದೇ ಬರುತ್ತೆ.

ಅವಸರ ಬಂದಾಗ ಓಡಬೇಡಿ, ಇದು ಮುಖ್ಯ. ಓಡಿದ್ರೆ ಚೀಲ ಅಲುಗಾಡಿ ಇನ್ನೂ ಹಿಂಡುತ್ತೆ. ನಿಂತಲ್ಲೇ ನಿಲ್ಲಿ, ಇಲ್ಲಾ ಗಟ್ಟಿ ಕುರ್ಚಿ ಮೇಲೆ ಕೂಡಿ. ತಳದ ಸ್ನಾಯುವನ್ನ ಟಕ್ ಟಕ್ ಅಂತ ಐದಾರು ಸಲ ಬಿಗಿಮಾಡಿ ಬಿಡಿ. ನೂರರಿಂದ ಏಳೇಳು ಕಳೀತಾ ಹೋಗಿ. ಅವಸರ ಅನ್ನೋದು ತೆರೆ ಇದ್ದಂಗೆ, ಏರುತ್ತೆ, ಇಳಿಯುತ್ತೆ. ಇಳಿದ ಮೇಲೆ ನಡ್ಕೊಂಡು ಹೋಗಿ.

ಆ ಸ್ನಾಯು ಯಾವುದು? ಮಂದಿಯ ನಡುವೆ ಗಾಳಿ ಹೋಗದಂಗೆ ತಡೀತೀವಲ್ಲ, ಅದು. ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೇಗಲ್ 1948ರಲ್ಲಿ ಇದನ್ನ ಬರೆದ, ಅದಕ್ಕೇ ಕೇಗಲ್ ವ್ಯಾಯಾಮ ಅಂತಾರೆ. ಐದು ಎಣಿಸೋ ತನಕ ಬಿಗಿ, ಐದು ಎಣಿಸೋ ತನಕ ಬಿಡು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ನನ್ನ ಹತ್ತಿರ ಬರೋರಲ್ಲಿ ಅರ್ಧದಷ್ಟು ಜನ ಕುಂಡಿ ಬಿಗಿ ಮಾಡ್ತಿರ್ತಾರೆ, ಇಲ್ಲಾ ಉಸಿರು ಕಟ್ಟಿರ್ತಾರೆ. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡೋದು ಬೇಡ, ಚೀಲ ಪೂರ್ತಿ ಖಾಲಿ ಆಗದೆ ಹೊಸ ತಂಟೆ ಶುರುವಾಗುತ್ತೆ.

ಗದಗಿನ ಟೀಚರ್, ದಯವಿಟ್ಟು ನೀರು ಕುಡೀರಿ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಮುಂಜಾನೆಯಿಂದ ಸಂಜೆ ತನಕ ಹಂಚಿ. ಗಟ್ಟಿಯಾದ ಮೂತ್ರ ಚೀಲಕ್ಕೆ ಚುಚ್ಚುತ್ತೆ, ಮಲಬದ್ಧತೆ ಬೇರೆ ಆಗುತ್ತೆ, ಆ ಗಟ್ಟಿ ಮಲ ಮೂತ್ರಚೀಲವನ್ನ ಹಿಂದಿನಿಂದ ಒತ್ತುತ್ತೆ.

ಅರವತ್ತೆರಡು · ಮಂಗಳವಾರ, ಮುಂಜಾನೆ 6:15

ಗಂಡಸರು ಯಾರರ ಓದಾಕತ್ತಿದ್ರ ನನ್ನ ಕತಿ ಕೇಳ್ರಿ. ರಾತ್ರಿ ನಾಕು ಸಲ ಏಳೂದು, ಧಾರಿ ಸಣ್ಣದು, ನಿಂತು ನಿಂತು ಬರೂದು. ಒಬ್ಬರ ಕಡೆ ಎರಡು ವರ್ಷ ಸಬಾಲ್ ಸೆರುಲಾಟಾ ಹನಿ ತಗೊಂಡೆ. ಅವರು ಒಮ್ಮೆರ ಸ್ಕ್ಯಾನ್ ಮಾಡಸ್ರಿ ಅನ್ನಲಿಲ್ಲ. ಕೇಳಬೇಕನ್ನೂ ಬುದ್ಧಿ ನನಗೂ ಬರಲಿಲ್ಲ. ಒಂದಿನ ರಾತ್ರಿ ಎರಡಕ್ಕ ಪೂರಾ ಬಂದ್. ಹೊಟ್ಟಿ ಕಲ್ಲಾಗಿತ್ತು. ಮಗ ಗಾಡಿಯೊಳಗ ಕರಕೊಂಡು ಹೋಗೂ ಮುಂದ ಪ್ರತೀ ಹಂಪಿಗೂ ಜೀವಾ ಹೋದಂಗ ಆಗತಿತ್ತು. ನಳಿಗಿ ಹಾಕಿದ ಕೂಡ್ಲೆ ಚೀಲದಾಗ ಒಂದು ಲೀಟರ್ ಮ್ಯಾಲೆ ಬಂತು. ಪ್ರೊಸ್ಟೇಟ್ ಗ್ರಂಥಿ ಬೆಳದು ದಾರಿ ಕಟ್ಟಿತ್ತು, ಮೂತ್ರಪಿಂಡಕ್ಕೂ ಸ್ವಲ್ಪ ಪೆಟ್ಟು ಬಿದ್ದಿತ್ತು.

ಅವಸರದ ತ್ರಾಸು ಅಂತ ನಾ ತಿಳಕೊಂಡಿದ್ದು ಖರೇ ಅಂದ್ರ ಚೀಲ ಖಾಲಿ ಆಗದ ತುಂಬಿ ತುಳಕೂದಾಗಿತ್ತು. ಹೋಗಿ ಬಂದ ಮ್ಯಾಲೆ ಒಳಗ ಎಷ್ಟು ಉಳದೈತಿ ಅಂತ ಸ್ಕ್ಯಾನಿನ್ಯಾಗ ಅಳೀತಾರ. ಹತ್ತು ನಿಮಿಷದ ಕೆಲಸಾ.

ಹಾವೇರಿ ಸೊಸಿ · ಮಂಗಳವಾರ, ಮಧ್ಯಾಹ್ನ 3:20

ನಮ್ಮ ಅತ್ತಿಯವರಿಗೆ 71. ಆರು ತಿಂಗಳ ನಮಗ ಗೊತ್ತ ಆಗಲಿಲ್ರೀ. ಒದ್ದಿ ಸೀರಿ ತಾವ ಹಿಂಡಿ ಹಿತ್ತಲದಾಗ ಮೆಣಸಿನಕಾಯಿ ಚೀಲದ ಹಿಂದ ಒಣಾ ಹಾಕತಿದ್ರು. ಬ್ಯಾಡಗಿ ಜಾತ್ರಿಗೆ ಬರೂದಿಲ್ಲ, ಮದವಿಗೆ ಬರೂದಿಲ್ಲ, ಕೇಳಿದ್ರ ಮಣಕಾಲು ನೋವು ಅನ್ನೂವರು. ಒಮ್ಮೆ ಚೀಲ ಸರಸಿದಾಗ ನಾಕು ಸೀರಿ ಸಿಕ್ಕವು. ನಾ ಏನೂ ಅನ್ನಲಿಲ್ಲ. ಇಬ್ರೂ ಸುಮ್ನ ನಿಂತ್ವಿ.

ಡಾಕ್ಟರ್ ಮೊದಲು ಚೀಲ ಹಿಂಡೂದನ್ನ ತಡಿಯೂ ಆಕ್ಸಿಬ್ಯುಟಿನಿನ್ ಗುಳಿಗಿ ಕೊಟ್ರು. ಬಾಯಿ ಒಣಗಿ ರೊಟ್ಟಿ ನುಂಗಾಕ ಆಗವಲ್ದು, ಮ್ಯಾಲೆ ಮಲಬದ್ಧತಿ. ಎರಡನೇ ವಾರದಾಗ ಸತ್ತ ನಮ್ಮ ಮಾವನವರಿಗೆ "ಊಟಕ್ಕ ಬಾ" ಅಂತ ಕರಿಯಾಕತ್ರು. ಹೆದರಿ ಓಡಿದ್ವಿ. ವಯಸ್ಸಾದವರಿಗೆ ಆ ಗುಳಿಗಿ ತಲಿಗೆ ಹತ್ತಬಹುದು ಅಂತ ಹೇಳಿ ನಿಲ್ಲಿಸಿದ್ರು, ನಾಕು ದಿನಕ್ಕ ಸರಿ ಆದ್ರು.

ಆಮ್ಯಾಲೆ ಇನ್ನೊಬ್ಬ ಡಾಕ್ಟರ್ ಎಲ್ಲಾ ಗುಳಿಗಿ ಚೀಲದಾಗ ತುಂಬಿಕೊಂಡು ಬರ್ರಿ ಅಂದ್ರು. ಕಾಲು ಬಾವಿಗೆ ಅಂತ ಕೊಟ್ಟಿದ್ದ, ಮೂತ್ರ ಹೆಚ್ಚು ಮಾಡೂ ನೀರಿನ ಗುಳಿಗಿ ಇವರು ರಾತ್ರಿ ಊಟಾ ಆದ ಮ್ಯಾಲೆ ತಗೋತಿದ್ರು! ಅದು ಮುಂಜಾನೆಗೆ ಬಂತು. ಮಧ್ಯಾಹ್ನ ಒಂದು ತಾಸು ಕಾಲ ಕೆಳಗ ಎರಡು ದಿಂಬು ಇಟ್ಟು ಮಲಗಸ್ತೀನಿ, ಕಾಲಾಗ ಕೂಡಿದ ನೀರು ಹಗಲ ಹೊರಗ ಹೋಗತೈತಿ, ರಾತ್ರಿ ಮಲಗಿದ ಮ್ಯಾಲೆ ಇಳಿಯೂ ಬದಲಿ. ನಾಕು ಸಲ ಏಳೂದು ಎರಡಕ್ಕ ಬಂತು. ಬಚ್ಚಲಕ್ಕ ಹೋಗೂ ದಾರ್ಯಾಗಿನ ಕೌದಿ ತಗದು ಸಣ್ಣ ಲೈಟ್ ಹಾಕೇನಿ. ರಾತ್ರಿ ಅವಸರದಾಗ ಕಾಲು ಜಾರಿ ಸೊಂಟಾ ಮುರಕೊಂಡವರನ್ನ ನಮ್ಮ ಓಣ್ಯಾಗ ನೋಡೀನಿ.

ಒಪಿಡಿ ಸಿಸ್ಟರ್ · ಮಂಗಳವಾರ, ರಾತ್ರಿ 8:45

ನಾನು ಸ್ಟಾಫ್ ನರ್ಸ್, ಡಾಕ್ಟರ್ ಅಲ್ಲ. ಆದ್ರೂ ದಿನಾ ನೋಡೋದು ಹೇಳ್ತೀನಿ. ಯಾವ ಪದ್ಧತಿಗೆ ಹೋಗೋದಿದ್ರೂ ಮೊದಲು ಯೂರಿನ್ ರೂಟೀನ್, ಬೇಕಾದ್ರೆ ಕಲ್ಚರ್ (ಇನ್ಫೆಕ್ಷನ್ ಯಾವ ಕ್ರಿಮಿಯದ್ದು ಅಂತ ನೋಡೋ ಟೆಸ್ಟ್), ಶುಗರ್, ಸ್ಕ್ಯಾನ್ ಇಷ್ಟು ಆಗಲಿ. ರಕ್ತದ ಸಕ್ಕರೆ 180 ದಾಟಿದ್ರೆ ಮೂತ್ರಕ್ಕೆ ಇಳಿಯೋಕೆ ಶುರುವಾಗುತ್ತೆ, ಜೊತೆಗೆ ನೀರನ್ನೂ ಎಳ್ಕೊಂಡು ಹೋಗುತ್ತೆ. ಅಂಥವರು ಮಗ್ ತುಂಬ ಹೋಗ್ತಾರೆ. ಚಿಗರಿ ಪಾಸ್ ಥರದವರು ಹೆಚ್ಚಾಗಿ ಸ್ವಲ್ಪ ಸ್ವಲ್ಪ ಹೋಗ್ತಾರೆ. ಡೈರಿಯಲ್ಲಿ ಈ ಫರಕು ಎದ್ದು ಕಾಣುತ್ತೆ. ಶುಗರ್‌ಗೆ ಕೊಡೋ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಳಿಗೆಗಳು ಸಕ್ಕರೆಯನ್ನ ಮೂತ್ರದಲ್ಲಿ ಹೊರಗೆ ಹಾಕೋದೇ ಕೆಲಸ ಮಾಡ್ತವೆ, ಅವು ತಗೊಳ್ಳೋರು ಡಾಕ್ಟರ್‌ಗೆ ಹೇಳ್ರಿ, ತಾವೇ ಬಿಡಬೇಡ್ರಿ. ಮೂತ್ರದಲ್ಲಿ ರಕ್ತ, ಚಳಿ ಜ್ವರ, ಮೂತ್ರ ಕಟ್ಟೋದು, ಕಾಲು ಜೋಮು ಹಿಡಿಯೋದು ಇದ್ರೆ ಅವತ್ತೇ ಹೋಗಿ ತೋರಿಸ್ರಿ.

ಮುಟ್ಟು ನಿಲ್ಲೋ ವಯಸ್ಸಲ್ಲಿ ಒಳಗಿನ ಚರ್ಮ ಒಣಗೋದೂ ಒಂದು ಕಾರಣ. ಅದಕ್ಕೆ ಹಚ್ಚೋ ಈಸ್ಟ್ರೋಜನ್ ಕ್ರೀಮ್ ಇದೆ, ಲೇಡಿ ಡಾಕ್ಟರ್‌ನ ಕೇಳ್ರಿ. ಗುಳಿಗೆ ಬೇಕೇ ಬೇಕಾದ್ರೆ ಸೋಲಿಫೆನಾಸಿನ್ ಥರದವು ಇವೆ, ಮಿರಾಬೆಗ್ರಾನ್ ಅಂತ ಬೇರೆ ಜಾತಿಯದ್ದಿದೆ. ಅದರಲ್ಲಿ ಬಾಯಿ ಒಣಗೋದು ಕಮ್ಮಿ, ಆದ್ರೆ ಬಿ.ಪಿ. ನೋಡ್ಕೊಂಡು ಕೊಡಬೇಕು. ಅದಕ್ಕೂ ಬಗ್ಗದಿದ್ರೆ ಕಣಕಾಲಿನ ನರಕ್ಕೆ ಸಣ್ಣ ಕರೆಂಟ್ ಕೊಡೋದು, ಚೀಲದ ಗೋಡೆಗೆ ಬೊಟಾಕ್ಸ್ ಚುಚ್ಚೋದು ಎಲ್ಲ ಇದೆ. ಬಹಳ ಜನಕ್ಕೆ ಅಲ್ಲಿ ತನಕ ಹೋಗೋ ಪ್ರಮೇಯ ಬರಲ್ಲ.

ಚಿಗರಿ ಪಾಸ್ · ಮೂರು ವಾರದ ನಂತರ, ಶನಿವಾರ

ಟೆಸ್ಟ್ ಎಲ್ಲಾ ಮಾಡಿಸಿದೆ. ಇನ್ಫೆಕ್ಷನ್ ಇಲ್ಲ, ಶುಗರ್ ಇಲ್ಲ, ಹೋಗಿ ಬಂದ ಮ್ಯಾಲೆ ಚೀಲದಾಗ ಉಳಿಯೂದು ಬರೇ 20 ಮಿ.ಲೀ.

ಡೈರಿ ಮೊದಲನೇ ದಿನ: ಹಗಲು 14, ರಾತ್ರಿ 3. ಅಳತಿ ನೋಡಿ ನನಗ ನಗು ಬಂತು. 80, 60, 110, 70. ಒಂದ ಸಲ 260, ಅದೂ ಮುಂಜಾನೆ ಎದ್ದ ಕೂಡ್ಲೆ. ಅಂದ್ರ ಚೀಲ ಸಣ್ಣದಲ್ಲ, ರಾತ್ರಿ ನಿದ್ದ್ಯಾಗ ಹಿಡಿತೈತಿ, ಹಗಲ ಮೊಂಡತನಾ ಮಾಡತೈತಿ. ಮಗ್ ಮ್ಯಾಲ ಕೆಂಪು ಉಗುರು ಬಣ್ಣದ್ಲೆ ಗೆರಿ ಎಳದೀನಿ, ಮಗಾ ಎಲ್ಲೆರ ಅದನ್ನ ತಗೊಂಡು ಬಿಟ್ಟಾನಂತ.

ಮಾಸ್ತರು ಕೇಳಿದ ಪ್ರಶ್ನೆ ತಲ್ಯಾಗ ಕುಂತಿತ್ತು. ಅದಕ್ಕ ಮೊದಲನೇ ವಾರ ಗುಳಿಗಿ ಮುಂದುವರಿಸಿದೆ, ಚಾನೂ ಏಳು ಕುಡದೆ: ಸರಾಸರಿ 13. ಎರಡನೇ ವಾರ ಗುಳಿಗಿ ತಗೊಂಡೆ, ಚಾ ಎರಡಕ್ಕ ಇಳಿಸಿದೆ: 10. ಎರಡು ದಿನ ತಲಿ ಸಿಡದು ಹೋತು, ಒಮ್ಮಿಗಲೇ ಇಳಿಸಬಾರದಾಗಿತ್ತಂತ. ಮೂರನೇ ವಾರ ಗುಳಿಗಿ ಪೂರಾ ಬಿಟ್ಟೆ, ಚಾ ಎರಡ: 10, ಒಂದೆರಡು ದಿನ 9.

ಬಿಳಿಗುಳಿಗಿ · ಶನಿವಾರ, ರಾತ್ರಿ 9:00

ಚಾ ಕಾಫಿ ಕುಡದ್ರ ನಮ್ಮ ಔಷಧದ ಶಕ್ತಿ ಹೋಗತೈತಿ ಅಂತ ಮೊದಲ ಹೇಳಿರ್ತಾರಲ್ಲ. ಮೊದಲನೇ ವಾರ ಅದಕ್ಕ ಹತ್ತಲಿಲ್ಲ. ಮೂರನೇ ವಾರ ಮೊದಲು ತಗೊಂಡಿದ್ದರ ಪರಿಣಾಮ ನಡದಿತ್ತು.

ರಸಾಯನ ಮಾಸ್ತರ · ಶನಿವಾರ, ರಾತ್ರಿ 9:25

ಹಂಗಾದ್ರ ಗೆದ್ರ ಗುಳಿಗಿ, ಸೋತ್ರ ಚಹಾ. ಪಂಚರ ಮುಂದ ಇಂಥಾ ನ್ಯಾಯಾ ನಡೀತದೇನ್ರಿ?

ತಂಗಿ, ನಿಮ್ಮ ಪ್ರಯೋಗಕ್ಕ ನಾ ನೂರಕ್ಕ ಅರವತ್ತು ಕೊಡತೇನಿ. ಒಬ್ಬರ ಮೂರು ವಾರದ ಲೆಕ್ಕ ಶಾಸ್ತ್ರ ಆಗೂದಿಲ್ಲ. ಡೈರಿ ಬರಿಯೂದು ಶುರು ಆಗಿತ್ತು, ಮನಸ್ಸು ಎಚ್ಚರಿತ್ತು, ಇಂಥಾ ತ್ರಾಸು ತಾನಾಗೇ ಏರಿ ಇಳೀತದ. ಆದರ ನಿಮ್ಮ ರೊಕ್ಕ ಎಲ್ಲಿ ಖರ್ಚು ಮಾಡಬೇಕು ಅನ್ನೂದನ್ನ ನಿರ್ಧಾರ ಮಾಡಾಕ ಸಾಕು. ದೊಡ್ಡ ಕಪ್ ಚಹಾದಾಗ 40ರಿಂದ 50 ಮಿಲಿಗ್ರಾಂ ಕೆಫೀನ್ ಇರತದ. ಅದು ಮೂತ್ರಾ ಹೆಚ್ಚು ಮಾಡತದ, ಚೀಲದ ಸ್ನಾಯುನೂ ಕೆಣಕತದ. ಗುಳಿಗಿ ಜೋಡಿ ಬಂದ ಪಥ್ಯ ಗುಣಾ ಮಾಡೇದ ಅಂತ ನನ್ನ ಅಭಿಪ್ರಾಯ.

ಬಿಳಿಗುಳಿಗಿ · ಶನಿವಾರ, ರಾತ್ರಿ 9:40

ಪಥ್ಯ ಹೇಳಿದವರು ಯಾರು? ನಮ್ಮ ಡಾಕ್ಟರ!

ರಸಾಯನ ಮಾಸ್ತರ · ಶನಿವಾರ, ರಾತ್ರಿ 9:42

ಅದನ್ನ ಒಪ್ಪಿದೆ.

ಗೋಕುಲ ರೋಡ್ 29 · ಶನಿವಾರ, ರಾತ್ರಿ 10:05

ಮಿರ್ಚಿ ಗಿರ್ಮಿಟ್ ಬಿಡಬೇಕೇನ್ರಿ ಹಂಗಾದ್ರ? ಅದನ್ನರ ಉಳಿಸ್ರಿ.

ಕೇಶ್ವಾಪುರ ಫಿಸಿಯೋ · ಶನಿವಾರ, ರಾತ್ರಿ 10:30

ಖಾರ ಎಲ್ಲರಿಗೂ ತ್ರಾಸು ಕೊಡಲ್ಲ. ಒಂದು ವಾರ ಬಿಟ್ಟು, ಒಂದು ವಾರ ತಿಂದು ಡೈರಿ ನೋಡಿ. ಫರಕು ಇಲ್ಲದಿದ್ರೆ ತಿನ್ನಿ. ತೂಕ ಹೆಚ್ಚಿದ್ದವರಿಗೆ ಮಾತ್ರ ಮಿರ್ಚಿಗಿಂತ ಎಣ್ಣೆಯ ಲೆಕ್ಕ ಮುಖ್ಯ. ಹೊಟ್ಟೆಯ ಭಾರ ಚೀಲದ ಮೇಲೇ ಕೂತಿರುತ್ತೆ, ಐದಾರು ಕಿಲೋ ಇಳಿಸಿದವರಲ್ಲಿ ಸೋರೋದು ಎದ್ದು ಕಾಣೋ ಹಂಗೆ ಕಮ್ಮಿ ಆಗುತ್ತೆ.

ಚಿಗರಿ ಪಾಸ್ · ಒಂಬತ್ತು ವಾರದ ನಂತರ, ರವಿವಾರ

ಸುದ್ದಿ ಹೇಳ್ತೀನಿ ಅಂದಿದ್ದೆ. ಈಗ ಎರಡೂಕಾಲು ತಾಸಿಗೊಮ್ಮೆ. ಹಗಲು 8, ರಾತ್ರಿ 1, ಒಂದೊಂದಿನ ಅದೂ ಇಲ್ಲ. ಐದನೇ ವಾರ ಪೂರಾ ಹಾಳಾಗಿತ್ತು: ಶೀತ, ಕೆಮ್ಮು, ಮ್ಯಾಲೆ ಸೊಸೈಟ್ಯಾಗ ಆಡಿಟ್. ಡೈರಿ ಹರದು ಒಗೀಬೇಕನಸಿತ್ತು. ಫಿಸಿಯೋ ಅವರು ಒಂದು ಕೆಟ್ಟ ವಾರ ಬಂದೇ ಬರ್ತೈತಿ ಅಂತ ಮೊದಲ ಬರದಿದ್ದಕ್ಕ ಬಿಡಲಿಲ್ಲ.

ಬಾಗಲದ ಕತಿ ಹೇಳಲೇಬೇಕು. ಮೊದಲು ಗೇಟಿನಿಂದ ಓಡತಿದ್ದೆ. ಈಗ ಗೇಟ್ ತಗದು ತುಳಸಿಕಟ್ಟಿ ಕಡೆ ನಿಂದರ್ತೀನಿ. ಐದು ಸಲ ಬಿಗಿ, ನೂರು, ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು. ಅಷ್ಟ್ರಾಗ ತೆರಿ ಇಳಿತೈತಿ. ಆಮ್ಯಾಲೆ ಕೀಲಿಕೈ ಹೊರಗ ತಗೀತೀನಿ. ಒಳಗ ಹೋಗಿ ಮೊದಲು ಚಪ್ಪಲಿ ಬಿಟ್ಟು, ಚೀಲ ಇಟ್ಟು, ಪಂಖಾ ಹಚ್ಚಿ, ಆಮ್ಯಾಲೆ ಬಚ್ಚಲಕ್ಕ. ಎದುರು ಮನಿ ಅಜ್ಜಿ ಮಾತ್ರ "ಏನವಾ, ದಿನಾ ತುಳಸಿಗೆ ಏನ ಬೇಡಿಕೋತಿ?" ಅಂತ ಕೇಳಿದ್ರು.

ಆರು ವಾರದಾಗ ಉಣಕಲ್ಲಿನ್ಯಾಗ ಒಂದ ಸಲ ಇಳದೀನಿ. ಹೋಟೆಲ್‌ನವರು "ಭಾಳ ದಿನಾ ಆತಲ್ರೀ" ಅಂದ್ರು. ಇಡ್ಲಿ ತಿಂದು ಬಂದೆ, ಸಂಕೋಚಕ್ಕ.

ಬಿಳಿಗುಳಿಗಿ · ರವಿವಾರ, ರಾತ್ರಿ 9:15

ಭಾಳ ಛಲೋ ಆತು ತಂಗಿ. ಆ ನೂರರ ಲೆಕ್ಕಾ ನಾನೂ ಶುರು ಮಾಡೀನಿ. ಗುಳಿಗಿ ಬಿಟ್ಟಿಲ್ಲ ಮತ್ತ.

ಅರವತ್ತೆರಡು · ರವಿವಾರ, ರಾತ್ರಿ 9:30

ಗದಗಿನ ಟೀಚರ್, ನೀವ ಸುದ್ದೀನ ಇಲ್ಲಲ್ರೀ? ನೀರು ಕುಡಿಯಾಕತ್ತೀರಿಲ್ಲೋ?

ಗದಗಿನ ಟೀಚರ್ · ರವಿವಾರ, ರಾತ್ರಿ 10:10

ಕುಡಿಯಾಕತ್ತೀನ್ರಿ, ಲೀಟರ್ ಬಾಟ್ಲಿ ತಗೊಂಡು ಹೋಗತೀನಿ. ಒಂದಿನ ಮಧ್ಯಾಹ್ನದ ಸೂಟಿಯೊಳಗ ಹೆಡ್‌ಮಾಸ್ತರ ಖಾನೆದಾಗಿಂದ ಕೀಲಿಕೈ ತಗೊಂಡೆ, ಸಂಜಿಮುಂದ ಗದಗ ಬಸ್‌ಸ್ಟ್ಯಾಂಡ್ ಕಡೆ ಕುಂದರೂ ಕೀಲಿ ರಿಪೇರಿಯವನ ಕಡೆ ಐದು ನಕಲಿ ಮಾಡಿಸಿದೆ. ಇಬ್ಬರು ಟೀಚರಿಗೆ ಒಂದೊಂದು, ಅಡಿಗಿ ಅಕ್ಕಾಗ ಒಂದು, ಏಳನೆತ್ತಾ ಹುಡುಗ್ಯಾರಿಗೆ ಒಂದು, ನನ್ನ ಕೊಳ್ಳಾಗ ಒಂದು. ಸರ್ ಅವರಿಗೆ ಇನ್ನೂ ಹೇಳಿಲ್ಲ. ಖಾನೆದಾಗಿಂದ ಕೀಲಿಕೈ ಯಾರೂ ಕೇಳವಲ್ರು ಅಂತ ಅವರಿಗೆ ಆಶ್ಚರ್ಯ ಆಗೇತಂತ.